ಕೊಡೆಗೂ ಒಂದು ತೊಟ್ಟು ಎಣ್ಣೆ

ಮನೆಯ ಪದ್ಧತಿಗಳಲ್ಲಿ ಎರಡು ಬಗೆ. ಮೊದಲನೆಯವು ಪಂಚಾಂಗಕ್ಕೆ ಸೇರಿದವು. ತಿಥಿ, ವಾರ, ನಕ್ಷತ್ರಗಳನ್ನು ನೋಡಿ ಹಿರಿಯರು ನಡೆಸಿಕೊಂಡು ಬಂದವು. ಅವುಗಳಿಗೆ ಪುರೋಹಿತರ ಬೆಂಬಲವುಂಟು, ನೆರೆಹೊರೆಯ ಸಾಕ್ಷಿಯುಂಟು, ತಪ್ಪಿದರೆ ಆಕ್ಷೇಪಿಸುವ ಸೋದರತ್ತೆಯೂ ಉಂಟು. ಎರಡನೆಯ ಬಗೆಯವಕ್ಕೆ ಇಂಥ ಯಾವ ಆಧಾರವೂ ಇಲ್ಲ. ಎಂದೋ ಒಂದು ದಿನ ಮೂರಡಿ ಎತ್ತರದ ಮಗುವೊಂದು ಏನೋ ಅಂದಿತು, ಮನೆಯವರೆಲ್ಲ ನಕ್ಕರು. ಮಾರನೆಯ ವರ್ಷವೂ ಅದನ್ನು ನೆನೆದು ನಕ್ಕರು. ಮೂರನೆಯ ವರ್ಷ ಅದು ಪದ್ಧತಿಯಾಯಿತು. ಶಾಸ್ತ್ರಕ್ಕೆ ತಿಳಿಯದ ಈ ಸಂಪ್ರದಾಯಗಳನ್ನು ಹೊರಗಿನವರ ಮುಂದೆ ಹೇಳಿಕೊಳ್ಳಲು ಜನ ನಾಚುವರು. ಬಿಡಲು ಮಾತ್ರ ಒಪ್ಪರು.

ಇಂಥದೊಂದು ಮನೆಯನ್ನು ಓದುಗರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬಹುದು. ನರಕ ಚತುರ್ದಶಿಯ ಬೆಳಗಿನ ಜಾವ. ಹಿಂದಿನ ಸಂಜೆ ತುಂಬಿದ ಹಂಡೆಯಲ್ಲಿ ನೀರು ಮರಳುತ್ತಿದೆ. ಮನೆಯ ಹಿರಿಯಾಕೆ ಒಬ್ಬೊಬ್ಬರನ್ನಾಗಿ ಮಣೆಯ ಮೇಲೆ ಕೂರಿಸಿ ನೆತ್ತಿಗೆ ಎಣ್ಣೆಯೊತ್ತುತ್ತಿದ್ದಾಳೆ. ನಾಲ್ಕು ವರ್ಷದ ಹುಡುಗ ತನ್ನ ಸರದಿ ಬಂದಾಗ ಮಣೆಯನ್ನೇರದೆ, ಬಾಗಿಲ ಮೂಲೆಯಲ್ಲಿದ್ದ ತಾತನ ಕೊಡೆಯನ್ನು ಎಳೆದುಕೊಂಡು ಬರುತ್ತಾನೆ. “ಮಳೇಲೆಲ್ಲ ನೆಂದಿದ್ದು ಇದೊಂದೇ ಅಲ್ವಾ ಅಜ್ಜಿ? ಇದಕ್ಕೆ ಮಾತ್ರ ಎಣ್ಣೆನೀರು ಇಲ್ವಾ?” ಎಂದು ಕೇಳುತ್ತಾನೆ.

ನ್ಯಾಯವಾದ ಪ್ರಶ್ನೆ. ಅಜ್ಜಿ ಒಂದು ಕ್ಷಣ ಯೋಚಿಸಿ, “ಅದಕ್ಕೆ ನೀರು ಆಗಲೇ ಆಗಿದೆಯಪ್ಪ, ಎಣ್ಣೆ ಮಾತ್ರ ಸಾಕು” ಎಂದು ಹೂವಿನಲ್ಲಿ ಒಂದು ತೊಟ್ಟು ಎಣ್ಣೆಯನ್ನದ್ದಿ ಕೊಡೆಯ ಹಿಡಿಗೆ ಮುಟ್ಟಿಸುತ್ತಾಳೆ. ಅಂದಿನಿಂದ ಆ ಮನೆಯ ದೀಪಾವಳಿಯಲ್ಲಿ ಮೊದಲ ಎಣ್ಣೆ ದೇವರಿಗೆ, ಕೊನೆಯ ಎಣ್ಣೆ ಕೊಡೆಗೆ. ತಾತನ ಮರದ ಹಿಡಿಯ ಕರಿಯ ಕೊಡೆ ಎಂದೋ ಮುರಿದುಹೋಯಿತು. ಅದರ ಸ್ಥಾನಕ್ಕೆ ಮಡಿಚುವ ಕೊಡೆ ಬಂತು. ಅದೂ ಹೋಗಿ ಇನ್ನೊಂದು ಬಂತು. ಅಜ್ಜಿಯೂ ಈಗಿಲ್ಲ. ಕೊಡೆಗಳು ಬದಲಾದುವು, ಎಣ್ಣೆ ಹಚ್ಚುವ ಕೈ ಬದಲಾಯಿತು. ಮಗುವಿನ ಮಾತು ಮಾತ್ರ ಹಾಗೆಯೇ ನಿಂತಿದೆ.

ಇದರಲ್ಲಿ ನಗುವಂಥದೇನು ಉಳಿದಿದೆ ಎಂದು ಯಾರಾದರೂ ಕೇಳಿದರೆ ಉತ್ತರ ಕಷ್ಟ. ಒಂದೇ ಹಾಸ್ಯವನ್ನು ಮೂವತ್ತು ಸಲ ಕೇಳಿದ ಮೇಲೆ ಯಾರಿಗೆ ತಾನೆ ನಗು ಬಂದೀತು? ನಿಜವೇನೆಂದರೆ, ನಗು ಸವೆದುಹೋದ ಮೇಲೆ ಉಳಿಯುವ ವಸ್ತುವೇ ಬೇರೆ. ಆ ಹುಡುಗನಿಗೆ ಆ ಬೆಳಗಿನ ನೆನಪಿಲ್ಲ. ನಾಲ್ಕರ ಹರೆಯದ ನೆನಪು ಯಾರಿಗೂ ಅಷ್ಟಾಗಿ ಉಳಿಯುವುದಿಲ್ಲ. ಅವನು ಬೆಳೆದನು, ಓದಿದನು, ದೂರದೇಶಕ್ಕೆ ಹೋದನು. ಆದರೆ ಮನೆ ಆ ನಾಲ್ಕು ವರ್ಷದವನನ್ನು ಕೈಬಿಟ್ಟಿಲ್ಲ. ವರ್ಷಕ್ಕೊಮ್ಮೆ, ಒಂದು ತೊಟ್ಟು ಎಣ್ಣೆಯಷ್ಟು ಹೊತ್ತು, ಅವನನ್ನು ಕರೆದು ಮಣೆಯ ಬಳಿ ನಿಲ್ಲಿಸಿಕೊಳ್ಳುತ್ತದೆ. ಮಗು ತನ್ನ ಬಾಲ್ಯವನ್ನು ತಾನೇ ಇಟ್ಟುಕೊಳ್ಳಲಾರದು; ಅದನ್ನು ಹಿರಿಯರ ಬಳಿ ಅಡವಿಟ್ಟು ಹೋಗುತ್ತದೆ. ಇಂಥ ಪದ್ಧತಿಗಳು ಆ ಅಡವಿನ ಚೀಟಿಗಳು.

ಇದು ನಮ್ಮ ನಾಡಿನ ಮನೆಗಳಿಗೆ ಮಾತ್ರ ಮೀಸಲಾದ ದೌರ್ಬಲ್ಯವೆಂದು ತಿಳಿಯಬೇಕಾಗಿಲ್ಲ. ಮುಂಬಯಿಯಲ್ಲಿ 1865ರಲ್ಲಿ ಹುಟ್ಟಿದ ಆಂಗ್ಲ ಲೇಖಕ ರಡ್ಯಾರ್ಡ್ ಕಿಪ್ಲಿಂಗನಿಗೆ ಜೋಸೆಫೀನ್ ಎಂಬ ಮಗಳಿದ್ದಳು. ರಾತ್ರಿ ಅವಳನ್ನು ಮಲಗಿಸಲು ಹೇಳುತ್ತಿದ್ದ ಕಥೆಗಳಲ್ಲಿ ಒಂದು ಮಾತು ಬದಲಾಗುವಂತಿರಲಿಲ್ಲ. ನಿನ್ನೆ ಹೇಳಿದ್ದು ಹೇಗೋ ಇಂದೂ ಹಾಗೆಯೇ ಬರಬೇಕು. ವಾಕ್ಯವೊಂದು ತಪ್ಪಿದರೆ ನಿದ್ದೆಗಣ್ಣಿನ ಹುಡುಗಿ ಎಚ್ಚೆತ್ತು ಅದನ್ನು ಸ್ವಸ್ಥಾನದಲ್ಲಿ ಕೂರಿಸುವಳು. ಈ ಹಟವೇ ಮನೆಯ ವಿನೋದವಾಯಿತು, ವಿನೋದವೇ ನಿಯಮವಾಯಿತು. 1897ರ ಡಿಸೆಂಬರಿನಲ್ಲಿ ಮಕ್ಕಳ ಪತ್ರಿಕೆಯೊಂದರಲ್ಲಿ ಆ ಕಥೆಗಳ ಪೈಕಿ ಮೊದಲನೆಯದು ಅಚ್ಚಾದಾಗ ತಂದೆ ಈ ಸಂಗತಿಯನ್ನು ತಾನೇ ವಿವರಿಸಿದನು. ಆಗ ಅವಳಿಗೆ ಐದು ತುಂಬಿರಲಿಲ್ಲ.

1899ರ ಆರಂಭದಲ್ಲಿ ಆ ಕುಟುಂಬ ನ್ಯೂಯಾರ್ಕಿಗೆ ಹೋಯಿತು. ಅಲ್ಲಿ ತಂದೆಗೂ ಮಗಳಿಗೂ ನ್ಯುಮೋನಿಯಾ ತಗುಲಿತು. ತಂದೆ ಬದುಕಿದನು, ಮಗಳು ಮಾರ್ಚ್ 6ರಂದು ತೀರಿಕೊಂಡಳು. ಅವನ ಪ್ರಾಣಕ್ಕೇ ಅಪಾಯವಿದ್ದುದರಿಂದ ಹೆಂಡತಿ ಆ ಸುದ್ದಿಯನ್ನು ಕೆಲಕಾಲ ಅವನಿಂದ ಮರೆಮಾಚಬೇಕಾಯಿತು. ಮೂರು ವರ್ಷಗಳ ಬಳಿಕ, 1902ರಲ್ಲಿ, ಆ ಕಥೆಗಳೆಲ್ಲ ಪುಸ್ತಕವಾಗಿ ಬಂದುವು. ಪುಸ್ತಕಕ್ಕೆ ಅವನಿಟ್ಟ ಹೆಸರು ‘ಜಸ್ಟ್ ಸೋ ಸ್ಟೋರೀಸ್’. ‘ಹೀಗೆಯೇ ಇರಬೇಕಾದ ಕಥೆಗಳು’ ಎಂದು ಕನ್ನಡದಲ್ಲಿ ಹೇಳಬಹುದು. ಮಗುವಿನ ಹಟವೇ ಹೊತ್ತಗೆಯ ಹೆಸರಾಯಿತು. ಅದನ್ನು ತೆರೆದ ಮಕ್ಕಳು ತಿಮಿಂಗಿಲದ ಗಂಟಲನ್ನೂ ಒಂಟೆಯ ಡುಬ್ಬವನ್ನೂ ಕಂಡು ನಗುತ್ತಾರೆ. ಮಾತನ್ನು ಬದಲಿಸಬಾರದೆಂದು ಕಾವಲು ಕುಳಿತಿದ್ದವಳು ಮಾತ್ರ ಆ ಹೆಸರಿನೊಳಗೆ ಅಡಗಿದ್ದಾಳೆ.

ಇನ್ನೊಂದು ಮನೆಯ ಕಥೆ ಇಷ್ಟು ದುಃಖದ್ದಲ್ಲ. ‘ಹಾಬಿಟ್’, ‘ಲಾರ್ಡ್ ಆಫ್ ದಿ ರಿಂಗ್ಸ್’ ಕೃತಿಗಳ ಕರ್ತೃ, ಆಕ್ಸ್‌ಫರ್ಡಿನ ಪ್ರಾಧ್ಯಾಪಕ ಜೆ. ಆರ್. ಆರ್. ಟೋಲ್ಕೀನರ ಹಿರಿಯ ಮಗನಿಗೆ 1920ರ ಕ್ರಿಸ್‌ಮಸ್ ಸಮಯದಲ್ಲಿ ಮೂರು ವರ್ಷ. ಆ ವರ್ಷ ಅವನ ಹೆಸರಿಗೆ ಉತ್ತರ ಧ್ರುವದಿಂದ ಒಂದು ಪತ್ರ ಬಂತು. ಬರೆದವನು ಮಕ್ಕಳಿಗೆ ಉಡುಗೊರೆ ಹಂಚುವ ಬಿಳಿಗಡ್ಡದ ಕ್ರಿಸ್‌ಮಸ್ ತಾತ. ಅಕ್ಷರಗಳು ನಡುಗುತ್ತಿದ್ದುವು, ತಾತನಿಗೆ ವಯಸ್ಸೂ ಹೆಚ್ಚು, ಅಲ್ಲಿ ಚಳಿಯೂ ಹೆಚ್ಚು. ಪತ್ರದ ಜೊತೆಗೆ ಬಣ್ಣದ ಚಿತ್ರ. ಮುಂದೆ ಉತ್ತರ ಧ್ರುವದ ಅಂಚೆಚೀಟಿಯೂ ಬಂತು. ಎಲ್ಲವೂ ತಂದೆಯದೇ ಕೈಕೆಲಸ.

ಒಂದು ಸಲದ ತಮಾಷೆ ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆಯಿತು. ತಾತನಿಗೆ ಸಹಾಯಕನಾಗಿ ಒಂದು ಬಿಳಿಯ ಕರಡಿ ಸೇರಿಕೊಂಡಿತು. ಸಹಾಯಕ್ಕಿಂತ ಅದು ಮಾಡುತ್ತಿದ್ದ ಹಾವಳಿಯೇ ಹೆಚ್ಚು. 1925ರ ಪತ್ರದಲ್ಲಿ, ತಾತನ ಟೋಪಿಯನ್ನು ತರಲು ಕಂಬವನ್ನೇರಿದ ಕರಡಿ ಕಂಬವನ್ನೇ ಮುರಿದು ಮನೆಯ ಮಾಳಿಗೆಯೊಳಕ್ಕೆ ಬಿದ್ದ ವರ್ತಮಾನವಿದೆ. ತಾತನ ಪತ್ರದ ಅಂಚಿನಲ್ಲಿ ಕರಡಿಯೂ ತನ್ನ ದಪ್ಪ ಪಂಜದಿಂದ ತಪ್ಪುಕಾಗುಣಿತದಲ್ಲಿ ಟೀಕೆ ಬರೆಯುವುದುಂಟು. ಮಕ್ಕಳು ಉತ್ತರ ಬರೆದು ಒಲೆಗೂಡಿನ ಬಳಿ ಇಡುವರು. ಯಾರೂ ನೋಡದ ಹೊತ್ತಿನಲ್ಲಿ ಅವು ಮಾಯವಾಗುವುವು. ಹಿರಿಯವನು ಬೆಳೆದಂತೆ ತಮ್ಮಂದಿರು ಬಂದರು, ಕೊನೆಗೆ ತಂಗಿ ಬಂದಳು.

ಕಡೆಯ ಪತ್ರ ಬಂದದ್ದು 1943ರಲ್ಲಿ. ಹೊರಗೆ ಮಹಾಯುದ್ಧ, ಮನೆಯಲ್ಲಿ ಕಿರಿಯ ಮಗಳಿಗೆ ಹದಿನಾಲ್ಕು ವರ್ಷ. ತಾತ ಅವಳಿಂದ ಬೀಳ್ಕೊಂಡನು. ಹಳೆಯ ಗೆಳೆಯರನ್ನು ಮರೆಯುವುದಿಲ್ಲವೆಂದೂ, ಅವರ ಪತ್ರಗಳನ್ನು ಜೋಪಾನವಾಗಿ ಇಟ್ಟುಕೊಳ್ಳುವುದುಂಟೆಂದೂ, ಅವರು ದೊಡ್ಡವರಾಗಿ ತಮ್ಮವೇ ಮನೆಯನ್ನೂ ಮಕ್ಕಳನ್ನೂ ಪಡೆದಾಗ ಮರಳಿ ಬರುವ ಆಸೆಯಿದೆಯೆಂದೂ ತಿಳಿಸಿದನು. ತಂದೆ 1973ರಲ್ಲಿ ತೀರಿಕೊಂಡರು. 1976ರಲ್ಲಿ ಆ ಪತ್ರಗಳು ಪುಸ್ತಕವಾದುವು. ಅವುಗಳನ್ನು ಆರಿಸಿ ಸಂಪಾದಿಸಿದವರು ಯಾರು? ಆ ಪತ್ರಗಳಿಗಾಗಿ ಕಾದು ಕುಳಿತಿದ್ದ ನಾಲ್ವರು ಮಕ್ಕಳಲ್ಲಿ ಒಬ್ಬರೂ ಅಲ್ಲ. ಮೂರನೆಯ ಮಗ ಕ್ರಿಸ್ಟೋಫರರ ಪತ್ನಿ ಬೇಯ್ಲಿ ಟೋಲ್ಕೀನ್, ಆ ಮನೆಯ ಸೊಸೆ.

ಇದು ಯೋಚಿಸತಕ್ಕ ಸಂಗತಿ. ಹೊಸದಾಗಿ ಮನೆ ಸೇರಿದವರಿಗೆ ಊಟದ ರುಚಿ, ಪೂಜೆಯ ಕ್ರಮ, ಬೀಗರ ಹೆಸರುಗಳು ಬೇಗನೆ ತಿಳಿಯುವುವು. ತಿಳಿಯದಿರುವುದು ಮನೆಯ ನಗೆ. ಎಲ್ಲರೂ ಒಂದು ಮಾತಿಗೆ ನಕ್ಕಾಗ ತಾನೊಬ್ಬಳೇ ಅರ್ಥವಾಗದೆ ಮುಗುಳ್ನಗುವ ಸೊಸೆಯ ಅನಾಥಭಾವವನ್ನು ಅನುಭವಿಸಿದವರೇ ಬಲ್ಲರು. ಆ ನಗೆಯ ಮೂಲವನ್ನು ಅವಳಿಗೆ ಹೇಳಿದ ದಿನವೇ ನಿಜವಾದ ಗೃಹಪ್ರವೇಶ. ಹೇಳದ ಮನೆಯಲ್ಲಿ ಅವಳು ಹತ್ತು ವರ್ಷವಿದ್ದರೂ ಅತಿಥಿಯೇ.

ಆದರೆ ಎಲ್ಲ ನಗೆಯೂ ಸಂಪ್ರದಾಯವಾಗಲು ಯೋಗ್ಯವಲ್ಲವೆಂಬುದನ್ನೂ ಹೇಳಲೇಬೇಕು. ಉಗ್ಗಿನ ಮಗುವಿನ ಉಗ್ಗನ್ನು ಅನುಕರಿಸುವುದು, ಕಪ್ಪಾಗಿರುವವಳಿಗೆ ಅದನ್ನೇ ಅಡ್ಡಹೆಸರಾಗಿಡುವುದು, ಹಾಸಿಗೆ ಒದ್ದೆಮಾಡಿದ್ದನ್ನು ಮದುವೆಯ ಮಂಟಪದವರೆಗೆ ಒಯ್ಯುವುದು, ಇವೂ ಕೆಲವು ಮನೆಗಳಲ್ಲಿ ‘ನಮ್ಮ ಮನೆಯ ತಮಾಷೆ’ ಎನಿಸಿಕೊಳ್ಳುತ್ತವೆ. ನಕ್ಕವರು ಮರೆತರೂ ನಗೆಗೀಡಾದವನು ಮರೆಯನು. ಎರಡಕ್ಕೂ ಇರುವ ವ್ಯತ್ಯಾಸವನ್ನು ಅರಿಯುವುದು ಸುಲಭ. ಕೊಡೆಗೆ ಎಣ್ಣೆ ಹಚ್ಚಿದ ಅಜ್ಜಿ ಮಗುವನ್ನು ಕುರಿತು ನಗಲಿಲ್ಲ. ಅದರ ಮಾತಿಗೆ ಬೆಲೆ ಕೊಟ್ಟಳು. ಮಗುವನ್ನು ಒಂದು ಗೇಣು ಎತ್ತರಕ್ಕೇರಿಸುವ ನಗೆ ಬಾಳಲಿ. ಕುಗ್ಗಿಸುವ ನಗೆ ಅಂದೇ ಸಾಯಲಿ.

ಮತ್ತೆ ಆ ಕೊಡೆಯ ಮನೆಗೆ ಬರೋಣ. ಮಗನೂ ಸೊಸೆಯೂ ಮದುವೆಯಾದ ಎರಡನೆಯ ವರ್ಷ ಹಬ್ಬಕ್ಕೆ ಬಂದಿದ್ದಾರೆ. ಅತ್ತೆ ಎಣ್ಣೆಯ ಬಟ್ಟಲನ್ನು ಹಿಡಿದು ಬಾಗಿಲ ಮೂಲೆಗೆ ಹೋದುದನ್ನು ಸೊಸೆ ಕಂಡಳು. ಮಾವ ಕನ್ನಡಕ ತೆಗೆದು ಗಂಭೀರವಾಗಿ ನಿಂತಿದ್ದಾರೆ. ಅವಳೂ ಸೆರಗು ಹೊದ್ದು, ಕೈಮುಗಿದು, “ಇದು ಯಾವ ದೇವರ ಹರಕೆ ಅತ್ತೆ?” ಎಂದು ಕೇಳಿದಳು.

ಅತ್ತೆ ಒಂದು ಗಳಿಗೆ ಸುಮ್ಮನಿದ್ದು, ಸ್ನಾನದ ಮನೆಯ ಕಡೆ ನೋಡಿ, “ಬಾಮ್ಮ, ಇಲ್ಲಿ ಕೂತುಕೋ. ನಿನ್ನ ಗಂಡನಿಗೆ ಆಗ ನಾಲ್ಕು ವರ್ಷ…” ಎಂದು ಆರಂಭಿಸಿದರು. ಸ್ನಾನದ ನೀರು ಅಂದು ಬಹಳ ಹೊತ್ತು ಕಾದುದೆಂದು ಬೇರೆ ಹೇಳಬೇಕಾಗಿಲ್ಲ.

ಅದಾಗಿ ಕೆಲವು ವರ್ಷಗಳು ಕಳೆದುವು. ಮಗನ ಸಂಸಾರ ಹೊರದೇಶದಲ್ಲಿದೆ. ಅಲ್ಲಿ ದೀಪಾವಳಿಗೆ ರಜೆಯಿಲ್ಲ. ಹಬ್ಬದ ದಿನ ದೂರವಾಣಿಯ ಪರದೆಯ ಮೇಲೆ ಮುಖಗಳು ಮೂಡುತ್ತವೆ. ಕ್ಷೇಮಸಮಾಚಾರಕ್ಕೂ ಮೊದಲು ಸೊಸೆ ಕೇಳುವ ಪ್ರಶ್ನೆ, “ಛತ್ರಿಗೆ ಎಣ್ಣೆ ಆಯಿತಾ ಅತ್ತೆ?” ಈ ಬಾರಿ ಅವಳ ತೊಡೆಯ ಮೇಲೆ ಕುಳಿತಿದ್ದ ಮೂರು ವರ್ಷದ ಮಗಳು ಎಲ್ಲವನ್ನೂ ಗಮನಿಸಿ ನೋಡಿದಳು. ಬಳಿಕ ಗೋಡೆಯ ಮೊಳೆಗೆ ತೂಗುಹಾಕಿದ್ದ ತನ್ನ ಪುಟ್ಟ ಮಳೆಯಂಗಿಯನ್ನು ತೋರಿಸಿ, “ಮತ್ತೆ ಇದಕ್ಕೆ?” ಎಂದಳು.

ಸಾವಿರಾರು ಮೈಲಿಗಳಾಚೆ, ಹಳೆಯ ಮನೆಯ ನಡುಮನೆಯಲ್ಲಿ, ಅಜ್ಜಿ ಬಟ್ಟಲನ್ನು ಮತ್ತೆ ಕೈಗೆತ್ತಿಕೊಂಡರು.