ಬೀಗದ ಕೈ ಇದ್ದೂ ಬಾಗಿಲು ಮುರಿಯುವವರು ನಾವು

ಅಡಿಕೆ ಮಾರಲು ಹೋದಾಗ ತಕ್ಕಡಿಯ ಮೇಲಿಂದ ನಾವು ಕಣ್ಣು ತೆಗೆಯುವುದಿಲ್ಲ. ಅರ್ಧ ಕಿಲೋ ವ್ಯತ್ಯಾಸವಾದರೆ ಅಂಗಡಿಯಲ್ಲೇ ಜಗಳಕ್ಕೆ ನಿಲ್ಲುತ್ತೇವೆ. ಅದೇ ನಾವು ಪುತ್ತೂರು, ಸುಳ್ಯ, ಕಡಬದ ಪೇಟೆಗಳಲ್ಲಿ ಕಂಪ್ಯೂಟರನ್ನು ರಿಪೇರಿಗೆ ಕೊಟ್ಟಾಗ ಮಾತ್ರ ಬಾಯಿ ಬಿಡುವುದಿಲ್ಲ. ‘ಫಾರ್ಮ್ಯಾಟ್ ಮಾಡಿ ಹೊಸ ವಿಂಡೋಸ್ ಹಾಕಿದ್ದೇವೆ’ ಎಂದರೆ ಕೇಳಿದಷ್ಟು ಕೊಟ್ಟು ಮನೆಗೆ ಬರುತ್ತೇವೆ. ಯಾವ ವಿಂಡೋಸ್? ಯಾರ ಪರವಾನಗಿ? ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ವಿಪರ್ಯಾಸವೆಂದರೆ, ವಿಂಡೋಸ್ ಸಹಿತ ಲ್ಯಾಪ್‌ಟಾಪ್ ಕೊಂಡವರು ಅದರ ಬೆಲೆಯನ್ನು ಅಂದೇ ತೆತ್ತಿರುತ್ತಾರೆ. 2012ರಲ್ಲಿ ವಿಂಡೋಸ್ 8 ಬಂದ ಬಳಿಕ ಅಂತಹ ಯಂತ್ರಗಳ ಪರವಾನಗಿ ಸಂಖ್ಯೆ ಮದರ್‌ಬೋರ್ಡಿನಲ್ಲೇ ಅಡಗಿರುತ್ತದೆ. 2015ರ ವಿಂಡೋಸ್ 10ರಿಂದೀಚೆಗೆ ಯಂತ್ರದ ಗುರುತು ಕಂಪೆನಿಯ ಸರ್ವರಿನಲ್ಲೂ ದಾಖಲಾಗುತ್ತದೆ. ಹಾರ್ಡ್‌ಡಿಸ್ಕನ್ನೇ ಬದಲಿಸಿದರೂ, ಮೊದಲಿದ್ದ ಆವೃತ್ತಿಯನ್ನೇ ಹಾಕಿ ಇಂಟರ್‌ನೆಟ್ ಕೊಟ್ಟರೆ ಪರವಾನಗಿ ತಾನಾಗಿ ಮರಳುತ್ತದೆ. ಅದಕ್ಕೆ ಬೇರೆ ದುಡ್ಡಿಲ್ಲ.

ಆದರೆ ಆಗುವುದೇನು? ಮನೆಬಳಕೆಯ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಇರುವುದು ‘ಹೋಮ್’. ಅಂಗಡಿಯ ಪೆನ್‌ಡ್ರೈವಿನಲ್ಲಿರುವುದು ‘ಪ್ರೊ’. ಬಂದವರಿಗೆಲ್ಲ ಅದೇ. ಹೋಮ್‌ನ ಪರವಾನಗಿ ಪ್ರೊಗೆ ಹೊಂದುವುದಿಲ್ಲ. ಆಗ ಕ್ರ್ಯಾಕ್ ಹಾಕುತ್ತಾರೆ. ಅದಕ್ಕಾಗಿ ಆಂಟಿವೈರಸನ್ನು ಬಂದ್ ಮಾಡುವುದೂ ಉಂಟು. ಕಿಸೆಯಲ್ಲಿ ಬೀಗದ ಕೈ ಇಟ್ಟುಕೊಂಡು ನಮ್ಮದೇ ಮನೆಯ ಬಾಗಿಲು ಮುರಿಸಿದಂತಾಯಿತು. ಆ ಮುರಿದ ಬಾಗಿಲಿನೊಳಗೇ ನಮ್ಮ ಬ್ಯಾಂಕಿನ ಪಾಸ್‌ವರ್ಡ್, ಜಾಗದ ದಾಖಲೆ, ಮಕ್ಕಳ ವಿದ್ಯಾರ್ಥಿವೇತನದ ಅರ್ಜಿ!

ನಿಜ, ಸಿಡಿಲಿಗೆ ಮದರ್‌ಬೋರ್ಡೇ ಸುಟ್ಟುಹೋದರೆ ಕಥೆ ಬೇರೆ. ಯಂತ್ರದೊಂದಿಗೆ ಬಂದ ಪರವಾನಗಿ ಆ ಯಂತ್ರಕ್ಕೇ ಅಂಟಿಕೊಂಡದ್ದು. ಬೋರ್ಡ್ ಬದಲಾದರೆ ಅದನ್ನು ಬೇರೆ ಯಂತ್ರವೆಂದೇ ವಿಂಡೋಸ್ ಎಣಿಸುತ್ತದೆ. ದುಡ್ಡು ಕೊಟ್ಟವನ ಹಕ್ಕು ಒಂದು ಸಿಡಿಲಿಗೆ ಕರಗುವ ಈ ಕರಾರು ನ್ಯಾಯವೇ ಎಂದು ನಾವು ಕೇಳಲೇಬೇಕು. ಆದರೆ ಅದಕ್ಕೆ ಕಳವು ಉತ್ತರವಲ್ಲ. ಗೊತ್ತಿದ್ದೂ ನಕಲಿ ತಂತ್ರಾಂಶ ಬಳಸುವುದು 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಂತೆ ಶಿಕ್ಷಾರ್ಹ ಅಪರಾಧ.

ಬೇರೆ ದಾರಿ ದೂರವೇನೂ ಇಲ್ಲ. ಗಡಿಯಾಚೆ, ಕಾಸರಗೋಡಿನ ಸರಕಾರಿ ಶಾಲೆಗಳ ಕನ್ನಡ ಮಕ್ಕಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಿದ್ದಾರೆ. ಎಷ್ಟು ಸಲ ಹಾಕಿದರೂ ಅದು ಪರವಾನಗಿ ಸಂಖ್ಯೆ ಕೇಳುವುದಿಲ್ಲ. ಕನ್ನಡವೂ ಸಲೀಸು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿದೆ. ವಿಂಡೋಸ್ 11 ಒಪ್ಪದ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕುವ ಮೊದಲು ನಾವೂ ಇದನ್ನು ಯೋಚಿಸಬಾರದೇಕೆ?

ಅಂಗಡಿಯ ಹುಡುಗನನ್ನಷ್ಟೇ ದೂರಿ ಫಲವಿಲ್ಲ. ಗಿರಾಕಿ ಕೇಳದ್ದನ್ನು ಅವನೇಕೆ ಕೊಟ್ಟಾನು? ಯಂತ್ರ ಸರಿಯಿರುವಾಗಲೇ ಸೆಟ್ಟಿಂಗ್ಸ್‌ನ ಆಕ್ಟಿವೇಷನ್ ಪುಟ ತೆರೆದು, ನಮ್ಮದು ಯಾವ ಆವೃತ್ತಿಯೆಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳೋಣ. ರಿಪೇರಿಗೆ ಕೊಡುವಾಗ ಆ ಚೀಟಿಯನ್ನೂ ಕೊಟ್ಟು, ‘ಇದನ್ನೇ ಹಾಕಿ, ಕ್ರ್ಯಾಕ್ ಬೇಡ’ ಎನ್ನೋಣ. ತಕ್ಕಡಿಯ ಮುಂದೆ ತೆರೆಯುವ ಬಾಯಿ ಇಲ್ಲೂ ತೆರೆಯಲಿ.