ತಲೆಸುತ್ತಿನ ಪರೀಕ್ಷೆಗೆ ಒಂದೇ ಅಳತೆ ಇರಲಿ

ನಂಜನಗೂಡಿನಲ್ಲೋ ಟಿ. ನರಸೀಪುರದಲ್ಲೋ ತಲೆಸುತ್ತು ಎಂದು ಹೋದವರಿಗೆ ಮೊದಲು ಬಿ.ಪಿ. ನೋಡುತ್ತಾರೆ, ಮಾತ್ರೆ ಬರೆದುಕೊಡುತ್ತಾರೆ. ಗುಣವಾಗದಿದ್ದರೆ ಮೈಸೂರು. ಅಲ್ಲಿ ಒಳಗಿವಿಯ ಸಮತೋಲನ ಪರೀಕ್ಷೆ ಮಾಡಿಸಿ ವರದಿ ತಂದರೂ ಇನ್ನೊಬ್ಬ ವೈದ್ಯರು ‘ಮತ್ತೆ ಮಾಡಿಸಿ’ ಎನ್ನುವುದುಂಟು. ಹಣವೂ ಹೋಯಿತು, ಕೂಲಿಯೂ ಹೋಯಿತು.

ಕಿವಿಗೆ ನೀರು ಬಿಟ್ಟು ಕಣ್ಣುಗುಡ್ಡೆಯ ಓಲಾಟ ಅಳೆಯುವ ಕ್ಯಾಲೋರಿಕ್ ಪರೀಕ್ಷೆಯನ್ನೇ ನೋಡಿ. ಇದರ ಮೂಲ, 1914ರ ನೊಬೆಲ್ ಪಡೆದ ರಾಬರ್ಟ್ ಬರಾನಿಯ ಸಂಶೋಧನೆ. 1942ರಲ್ಲಿ ಫಿಟ್ಜ್‌ಜೆರಾಲ್ಡ್ ಮತ್ತು ಹಾಲ್‌ಪೈಕ್ ನೀರಿನ ಉಷ್ಣತೆಯನ್ನು 30 ಮತ್ತು 44 ಡಿಗ್ರಿಗೆ ನಿಗದಿ ಮಾಡಿದರು. ಆದರೂ ಫಲಿತಾಂಶ ಕೆಡಲು ದಾರಿಗಳು ಬೇಕಾದಷ್ಟಿವೆ. ರೋಗಿಯನ್ನು ತಲೆ 30 ಡಿಗ್ರಿ ಎತ್ತಿ ಮಲಗಿಸಬೇಕು. ಕಣ್ಣಿಗೆ ಬೆಳಕು ಬೀಳದಂತೆ ಮಾಡಿರುವಾಗ ಮಂಪರು ಹತ್ತದಂತೆ ಮಾತಾಡಿಸುತ್ತಲೇ ಇರಬೇಕು. ಊರುಗಳ ಹೆಸರು ಹೇಳಿಸಬೇಕು, ಲೆಕ್ಕ ಕೇಳಬೇಕು. ಸುಮ್ಮನೆ ಬಿಟ್ಟರೆ ಓಲಾಟ ತಗ್ಗಿ, ಚೆನ್ನಾಗಿರುವ ಕಿವಿಯೂ ದುರ್ಬಲವೆಂದು ಕಾಣಬಹುದು. ತಲೆಸುತ್ತು ತಡೆಯುವ ಕೆಲವು ಮಾತ್ರೆಗಳೂ ಹಾಗೆಯೇ ಮಾಡುತ್ತವೆ. ಬೆಳಿಗ್ಗೆ ಮಾತ್ರೆ ನುಂಗಿ ಬನ್ನೂರಿನಿಂದ ಬಸ್ಸು ಹತ್ತಿದವರಿಗೆ ಇದನ್ನು ಮೊದಲೇ ಯಾರು ಹೇಳಬೇಕಿತ್ತು?

ಇನ್ನು ಗಡಿರೇಖೆಯ ಗೊಂದಲ. ಎರಡು ಕಿವಿಗಳ ನಡುವಿನ ವ್ಯತ್ಯಾಸ ಶೇ 20 ದಾಟಿದರೆ ದೋಷವೆಂದು ಕೆಲವು ಕಡೆ, 25 ದಾಟಿದರೆ ಮಾತ್ರ ಎಂದು ಇನ್ನು ಕೆಲವು ಕಡೆ. 22 ಬಂದವರು ಒಂದು ಕಡೆ ರೋಗಿ, ಮತ್ತೊಂದು ಕಡೆ ಆರೋಗ್ಯವಂತ. ಇದು ಅನ್ಯಾಯ.

ಎಲ್ಲವನ್ನೂ ನಿಯಮಕ್ಕೆ ಕಟ್ಟಿಹಾಕಿದರೆ ವೈದ್ಯರ ಅನುಭವಕ್ಕೆ ಬೆಲೆಯೇನು ಎಂಬ ಆಕ್ಷೇಪವಿದೆ. ವರದಿಯನ್ನು ರೋಗಿಯ ಕಥೆಯೊಂದಿಗೆ ಹೊಂದಿಸಿ ನೋಡಲು ಅನುಭವ ಬೇಕೇ ಬೇಕು. ನೀರು ಎಷ್ಟು ಬಿಸಿ, ಎಷ್ಟು ಸೆಕೆಂಡು ಎಂಬುದು ಮಾತ್ರ ಒಬ್ಬೊಬ್ಬರ ಇಷ್ಟಕ್ಕೆ ಬಿಡುವ ವಿಷಯವಲ್ಲ. ಬ್ರಿಟನ್, ಅಮೆರಿಕಗಳಲ್ಲಿ ಲಿಖಿತ ಕ್ರಮಗಳಿವೆ.

ಇಲ್ಲಿ ಮುಂದಾಳತ್ವಕ್ಕೆ ಹುಡುಕಾಡಬೇಕಿಲ್ಲ. 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇದೆ. ನೀರಿನ ಉಷ್ಣತೆ, ಅವಧಿ, ರೋಗಿ ತೆಗೆದುಕೊಂಡ ಮಾತ್ರೆ, ಆ ಕೇಂದ್ರ ಬಳಸಿದ ಗಡಿರೇಖೆ, ಇಷ್ಟನ್ನೂ ನಮೂದಿಸದ ವರದಿ ಹೊರಗೇ ಬರಬಾರದು ಎಂಬ ಕ್ರಮವನ್ನು ಅದು ರೂಪಿಸಲಿ, ಆರೋಗ್ಯ ಇಲಾಖೆ ಜಾರಿ ಮಾಡಲಿ.

ತಾಲ್ಲೂಕು ಆಸ್ಪತ್ರೆಗಳಿಗಂತೂ ಯಂತ್ರ ಬರುವ ತನಕ ಕಾಯುವ ಅಗತ್ಯವೇ ಇಲ್ಲ. ಒಳಗಿವಿಯ ಸುಣ್ಣದ ಹರಳು ಜಾರಿ ಬರುವ ತಲೆಸುತ್ತನ್ನು ಪತ್ತೆ ಮಾಡುವ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ 1952ರಿಂದಲೂ ಇದೆ. ಅದಕ್ಕೆ ಒಂದು ಮಂಚ, ಪಳಗಿದ ಕೈ ಸಾಕು. ಅದನ್ನು ನಂಜನಗೂಡು, ಟಿ. ನರಸೀಪುರದ ವೈದ್ಯರಿಗೆ ಒಂದೇ ಕ್ರಮದಲ್ಲಿ ಕಲಿಸಬೇಕು. ಮೈಸೂರಿಗೆ ಕಳಿಸುವ ಚೀಟಿಯಲ್ಲೇ ಯಾವ ಮಾತ್ರೆಯನ್ನು, ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ವೈದ್ಯರು ಕನ್ನಡದಲ್ಲಿ ಬರೆದುಕೊಡಬೇಕು.