ಅಟ್ಟದ ಮೇಲಿನ ರಾತ್ರಿಗಳು

ಕಳೆದ ಏಪ್ರಿಲ್‌ನಲ್ಲಿ ಕೊಪ್ಪದ ಸಮೀಪದ ನಮ್ಮ ಸೋದರಮಾವನ ಮನೆಯಲ್ಲಿ ಹಂಚು ಕೈಯಾಡುವ ಕೆಲಸ ನಡೆದಿತ್ತು. ಮಳೆ ಹಿಡಿಯುವ ಮುಂಚೆ ಮಲೆನಾಡಿನ ಮನೆಗಳಲ್ಲಿ ವರ್ಷವೂ ನಡೆಯುವ ಕೆಲಸ ಅದು. ಅಟ್ಟದಿಂದ ಇಳಿಸಿದ ಹಳೆಯ ಚಾಪೆ, ಮುರುಕು ತೊಟ್ಟಿಲು, ಕಂಚಿನ ಹಂಡೆಗಳ ನಡುವೆ ಒಂದು ಬಿಸ್ಕತ್ತಿನ ತಗಡಿನ ಡಬ್ಬ ಸಿಕ್ಕಿತು. ತೆರೆದರೆ ಆರು ಕ್ಯಾಸೆಟ್ಟು. ಅವುಗಳ ಜೊತೆ ಬಟ್ಟೆಯಲ್ಲಿ ಕಟ್ಟಿದ ಹುರಿದ ಅಕ್ಕಿಯ ಒಂದು ಪುಟ್ಟ ಗಂಟು, ತೇವ ಹೀರಲಿ ಎಂದು ಇಟ್ಟದ್ದು. ಪ್ರತಿ ಕ್ಯಾಸೆಟ್ಟಿನ ಬೆನ್ನ ಮೇಲೂ ಬಾಲ್‌ಪೆನ್ನಿನಲ್ಲಿ ಮಾವನ ಅಕ್ಷರ: ನಾವಡ 1, ನಾವಡ 2, ಹೀಗೆ ಆರರವರೆಗೆ. ಇಸವಿ ಬರೆದದ್ದು ಅಳಿಸಿಹೋಗಿದೆ. ಮಾವ ತೀರಿಕೊಂಡು ಹದಿನಾಲ್ಕು ವರ್ಷವಾಯಿತು.

ನಮ್ಮ ಕಡೆ ಯಕ್ಷಗಾನ ನೋಡಲು ಹೊರಟವರು ‘ಆಟಕ್ಕೆ ಹೋಗ್ತೇನೆ’ ಎನ್ನುತ್ತಾರೆ. ಮಾವನಿಗೆ ಆಟವೆಂದರೆ ಪ್ರಾಣ. ಅಡಿಕೆ ಕೊಯ್ಲು, ಸುಲಿತ, ಬೇಯಿಸಿ ಒಣಗಿಸುವುದು ಮುಗಿಯುವ ಹೊತ್ತಿಗೆ ಘಟ್ಟದ ಕೆಳಗಿನ ಮೇಳಗಳು ಮೇಲೆ ಹತ್ತುತ್ತಿದ್ದವು. ಮಂದಾರ್ತಿ ಮೇಳದ ಹರಕೆ ಆಟ ಯಾರದೋ ಗದ್ದೆಬಯಲಿನಲ್ಲಿ ನಡೆದರೆ, ಸಾಲಿಗ್ರಾಮ, ಪೆರ್ಡೂರಿನಂಥ ಡೇರೆ ಮೇಳಗಳು ಪೇಟೆಯಲ್ಲಿ ಟೆಂಟು ಹಾಕುತ್ತಿದ್ದವು. ಇಂದು ಕೊಪ್ಪ, ನಾಳೆ ಶೃಂಗೇರಿ, ನಾಡಿದ್ದು ನರಸಿಂಹರಾಜಪುರ, ಅಂದರೆ ಎನ್.ಆರ್. ಪುರ. ಮೇಳದ ಹಿಂದೆಯೇ ಮಾವನೂ ಹೋಗುವನು. ಟಿಕೇಟಿನಲ್ಲಿ ನೆಲ, ಕುರ್ಚಿ, ಈಸಿ ಚೇರು ಎಂದು ದರ್ಜೆಗಳಿದ್ದವು. ಮಾವ ಕೊಳ್ಳುತ್ತಿದ್ದದ್ದು ನೆಲದ ಟಿಕೇಟು. ಅದಕ್ಕೆ ದುಡ್ಡು ಕಾರಣವಲ್ಲ. ನೆಲದ ಮೇಲೆ ಕೂತರೆ ರಂಗಸ್ಥಳದ ಬಲಬದಿಯ ಕಂಬದ ಬುಡಕ್ಕೆ ಹತ್ತಿರವಾಗುತ್ತದೆ, ಟೇಪ್ ರೆಕಾರ್ಡರ್ ಇಡಲು ಜಾಗ ಸಿಗುತ್ತದೆ.

ಆ ಟೇಪ್ ರೆಕಾರ್ಡರು ದುಬೈಯಲ್ಲಿದ್ದ ನೆಂಟರೊಬ್ಬರು ತಂದುಕೊಟ್ಟ ನ್ಯಾಷನಲ್ ಪ್ಯಾನಾಸೋನಿಕ್. ನಾನಾಗ ಹೈಸ್ಕೂಲು. ನನ್ನ ಕೆಲಸ ಎರಡು: ಬ್ಯಾಟರಿ ಸೆಲ್ಲುಗಳ ಚೀಲ ಹೊರುವುದು, ನಿದ್ದೆ ಮಾಡದೆ ಕ್ಯಾಸೆಟ್ಟು ತಿರುಗಿಸುವುದು. ಒಂದು ಸಿ-90 ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ 45 ನಿಮಿಷ. ರಾತ್ರಿ ಒಂಬತ್ತೂವರೆಗೆ ಶುರುವಾದ ಆಟ ಬೆಳಗಿನ ಆರೂವರೆಗೆ ಮುಗಿದರೆ ಒಂಬತ್ತು ಗಂಟೆ, ಅಂದರೆ 540 ನಿಮಿಷ. ಸರಿಯಾಗಿ ಆರು ಕ್ಯಾಸೆಟ್ಟು, ಹನ್ನೆರಡು ಮಗ್ಗುಲು. ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ಓಡುವ ಆ ಟೇಪನ್ನು ಬಿಚ್ಚಿ ಉದ್ದಕ್ಕೆ ಹಾಸಿದರೆ ಒಂದು ಇಡೀ ರಾತ್ರಿ ಮುಕ್ಕಾಲು ಕಿಲೋಮೀಟರಿಗಿಂತ ಸ್ವಲ್ಪ ಹೆಚ್ಚು ಉದ್ದವಾಗುತ್ತದೆ. ಮಾವನ ಮನೆಯಿಂದ ಬಸ್ಸು ನಿಲ್ಲುವ ಕಟ್ಟೆಯೂ ಅಷ್ಟೇ ದೂರ.

ಕ್ಯಾಸೆಟ್ಟುಗಳ ಬೆನ್ನ ಮೇಲಿದ್ದ ಹೆಸರು ಕಾಳಿಂಗ ನಾವಡರದು, ಆಟದಲ್ಲಿ ಪದ ಹಾಡುವ ಭಾಗವತರು. ಅವರು ಹುಟ್ಟಿದ್ದು 1958ರಲ್ಲಿ, ಉಡುಪಿ ಸೀಮೆಯ ಗುಂಡ್ಮಿಯಲ್ಲಿ. ನಾರಣಪ್ಪ ಉಪ್ಪೂರರಲ್ಲಿ ಕಲಿತು, ತೀರಾ ಎಳೆಯ ಪ್ರಾಯದಲ್ಲೇ ಸಾಲಿಗ್ರಾಮ ಮೇಳದ ಮುಖ್ಯ ಭಾಗವತರಾದರು. ಯಕ್ಷಗಾನದ ಉತ್ತರದ ಶೈಲಿಯಾದ ಬಡಗುತಿಟ್ಟಿನ ಪದಗಳಿಗೆ ಹೊಸ ರಾಗಗಳನ್ನು ತಂದರು, ‘ನಾಗಶ್ರೀ’ಯಂಥ ಪ್ರಸಂಗಗಳನ್ನು ತಾವೇ ಬರೆದರು. 1990ರ ಮೇ ತಿಂಗಳಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಮೂವತ್ತೆರಡರ ಆಸುಪಾಸು. ಆ ಸುದ್ದಿ ಬಂದ ದಿನ ಮಾವ ತೋಟಕ್ಕೆ ಹೋಗಲಿಲ್ಲ. ಜಗಲಿಯಲ್ಲಿ ಕೂತು ಟೇಪು ಹಾಕಿದ. ಮನೆಯವರು ಯಾರೂ ಅವನನ್ನು ಮಾತಾಡಿಸಲಿಲ್ಲ.

ಸಂಗೀತಗಾರನೊಬ್ಬನಿಗಾಗಿ ಊರೂರು ಅಲೆಯುವುದು, ಒಂದೇ ಪದವನ್ನು ಆತ ಶೃಂಗೇರಿಯಲ್ಲಿ ಹೇಗೆ ಹಾಡಿದ, ಎನ್.ಆರ್. ಪುರದಲ್ಲಿ ಹೇಗೆ ಎತ್ತಿದ ಎಂದು ವಾದಿಸುವುದು, ಇವೆಲ್ಲ ನಮ್ಮ ಕಡೆಯವರ ಹುಚ್ಚು ಮಾತ್ರವೆಂದು ಬಹುಕಾಲ ತಿಳಿದಿದ್ದೆ. ಆಮೇಲೆ ನೌಕರಿಗೆಂದು ಬೆಂಗಳೂರಿಗೆ ಹೋದೆ. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ಎಂಬ ರಾಕ್ ತಂಡದ ಕಾರ್ಯಕ್ರಮ. ಸಹೋದ್ಯೋಗಿಗಳ ಒತ್ತಾಯಕ್ಕೆ ಹೋದವನು ಆ ರಾತ್ರಿ ಅಲ್ಲಿ ಕಂಡದ್ದು ನಮ್ಮ ಆಟವನ್ನೇ.

ಮೊದಲು ಬೇರೆ ತಂಡಗಳು ಹಾಡಿದವು, ಅವುಗಳಲ್ಲಿ ದೆಹಲಿಯ ಪರಿಕ್ರಮವೂ ಒಂದು. ಆಟದಲ್ಲಿ ಕೋಡಂಗಿ, ಬಾಲಗೋಪಾಲರ ಕುಣಿತ, ಕಿರಿಯ ಭಾಗವತರ ಹಾಡುಗಾರಿಕೆ ಮೊದಲಾಗಿ, ನಡುರಾತ್ರಿ ದಾಟಿದ ಮೇಲೆ ಮುಖ್ಯ ಭಾಗವತರು ತಾಳ ಹಿಡಿಯುವುದಿಲ್ಲವೇ, ಹಾಗೆ. ಅಸ್ಸಾಮು, ನಾಗಾಲ್ಯಾಂಡಿನಿಂದ ಮೂರು ದಿನ ರೈಲಿನಲ್ಲಿ ಬಂದ ಹುಡುಗರು ನನ್ನ ಪಕ್ಕ ನಿಂತಿದ್ದರು. ಡ್ರಮ್ಮಿನ ಪೆಟ್ಟು ಕಿವಿಗಿಂತ ಮೊದಲು ಎದೆಗೂಡಿಗೆ ಬಡಿಯಿತು. ಏರು ಪದಕ್ಕೆ ಚೆಂಡೆ ಬಿದ್ದಾಗ ನೆಲದಲ್ಲಿ ಕೂತವರ ಎದೆಗೆ ಬಡಿಯುವುದೂ ಹೀಗೆಯೇ. ಕೊನೆಕೊನೆಗೆ ಎಡ್ಡಿ ಎಂಬ ಅವರ ದೈತ್ಯಾಕೃತಿ ಹೊಗೆ, ಬೆಂಕಿಯ ಬೆಳಕಿನಲ್ಲಿ ಮೇಲೆದ್ದಿತು. ಸಾವಿರಾರು ಜನ ಕೈಯೆತ್ತಿ ಕೂಗಿದರು. ನನಗೆ ನೆನಪಾದದ್ದು ಮುಖಕ್ಕೆ ಗಂಟೆಗಟ್ಟಲೆ ಅಕ್ಕಿಹಿಟ್ಟಿನ ಚಿಟ್ಟಿ ಇಟ್ಟುಕೊಂಡು, ದೊಂದಿಗೆ ಎರಚಿದ ರಾಳದ ಪುಡಿ ಭಗ್ಗೆನ್ನುವ ಬೆಳಕಿನಲ್ಲಿ ಸಭೆಯ ಹಿಂದಿನಿಂದ ಆರ್ಭಟಿಸುತ್ತ ಬರುವ ರಾಕ್ಷಸ ಪಾತ್ರದ ಬಣ್ಣದ ವೇಷ. ಚಿಕ್ಕಂದಿನಲ್ಲಿ ಅದನ್ನು ಕಂಡು ಮಾವನ ಪಂಚೆಯ ಹಿಂದೆ ಅಡಗಿದ್ದೆ. ಆ ಭಯ, ಆ ಸಂತೋಷ ಎರಡೂ ಅರಮನೆ ಮೈದಾನದಲ್ಲಿ ಮರಳಿ ಬಂದವು.

ಅದೇ ಮೈದಾನದಲ್ಲಿ ಎರಡು ವರ್ಷ ಮುಂಚೆ, 2005ರಲ್ಲಿ, ಗಾಯಕ ಸಿ. ಅಶ್ವತ್ಥರ ‘ಕನ್ನಡವೇ ಸತ್ಯ’ ಗಾಯನ ಕಾರ್ಯಕ್ರಮ ನಡೆದಿತ್ತು. ಭಾವಗೀತೆ ಕೇಳಲು ಅಷ್ಟು ದೊಡ್ಡ ಜನಸ್ತೋಮ ಸೇರಿದ್ದು ಕನ್ನಡದಲ್ಲಿ ದೊಡ್ಡ ಘಟನೆ. ಅಶ್ವತ್ಥರು ಹುಟ್ಟಿದ್ದೂ ತೀರಿಕೊಂಡದ್ದೂ ಡಿಸೆಂಬರ್ 29ರಂದು. ಅವರು ಕೊರಳು ಬಿಚ್ಚಿ ಹಾಡಿದ ಕುವೆಂಪು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ್ದೂ 1904ರ ಅದೇ ಡಿಸೆಂಬರ್ 29ರಂದು.

ಬೆಂಗಳೂರಿನಲ್ಲಿದ್ದಷ್ಟು ವರ್ಷ ನಾನು ಗ್ರಾಮಾಫೋನ್ ತಟ್ಟೆಗಳನ್ನೂ ಕೂಡಿಸಿದೆ. ಭಾನುವಾರ ಬೆಳಿಗ್ಗೆ ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಸಂತೆಯಲ್ಲಿ ನೆಲದ ಮೇಲೆ ಗೋಣಿ ಹಾಸಿ ಹಳೆಯ ಸಾಮಾನು ಮಾರುವವರ ಬಳಿ ಕುಕ್ಕರಗಾಲಲ್ಲಿ ಕೂತು ಒಂದೊಂದೇ ತಟ್ಟೆಯನ್ನು ಬೆಳಕಿಗೆ ಓರೆ ಹಿಡಿದು ಗೀರು ನೋಡುವುದು. ಅಲ್ಲಿ ಒಂದು ದಿನ ಗಾಯಕ ಪಿ. ಕಾಳಿಂಗರಾಯರ 78 ಆರ್‌ಪಿಎಂ ತಟ್ಟೆ ಸಿಕ್ಕಿತು. ಹತ್ತು ಅಂಗುಲ ಅಗಲ, ಕೈಗೆ ಭಾರ. ಅದು ಅರಗಿನದು. ನಿಮಿಷಕ್ಕೆ 78 ಸುತ್ತು ತಿರುಗುವ ಆ ತಟ್ಟೆಗಳನ್ನು ಅರಗಿಗೆ ಕಲ್ಲಿನ ಪುಡಿ, ಮಸಿ ಬೆರೆಸಿ ಒತ್ತುತ್ತಿದ್ದರು. ಕೈಜಾರಿದರೆ ಹೆಂಚಿನಂತೆ ಒಡೆಯುತ್ತದೆ. ಒಂದು ಮಗ್ಗುಲಿಗೆ ಮೂರು ಚಿಲ್ಲರೆ ನಿಮಿಷ. 1902ರಲ್ಲಿ ಕಲ್ಕತ್ತೆಯಲ್ಲಿ ಗಾಯಕಿ ಗೌಹರ್ ಜಾನ್ ಧ್ವನಿ ಮುದ್ರಿಸಿದಾಗಿನಿಂದ ನಮ್ಮ ಸಂಗೀತಗಾರರು ಗಂಟೆಗಟ್ಟಲೆಯ ವಿದ್ಯೆಯನ್ನು ಆ ಮೂರು ನಿಮಿಷಕ್ಕೆ ಬಗ್ಗಿಸಿದರು. ಆ ಗೌಹರ್ ಜಾನ್ ಕೊನೆಯುಸಿರೆಳೆದದ್ದು 1930ರಲ್ಲಿ, ನಮ್ಮ ಮೈಸೂರಿನಲ್ಲಿ, ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ.

ಕಾಳಿಂಗರಾಯರು 1914ರಲ್ಲಿ ಹುಟ್ಟಿದ ಆರೂರು, ನಾವಡರ ಗುಂಡ್ಮಿ, ಎರಡೂ ಉಡುಪಿ ಸೀಮೆಯವೇ. ಒಂದೇ ಹೆಸರಿನ, ಒಂದೇ ಕಡಲ ಗಾಳಿಯ ಇಬ್ಬರು. ಒಬ್ಬರು ನಮಗೆ ಸಿಗುವುದು ಮೂರು ನಿಮಿಷದ ಅರಗಿನ ತಟ್ಟೆಯಲ್ಲಿ, ಇನ್ನೊಬ್ಬರು ಒಂಬತ್ತು ಗಂಟೆಯ ಟೇಪಿನಲ್ಲಿ. ರಾಯರ ತಟ್ಟೆ ನನಗೆ ಪ್ರಿಯ. ಆದರೆ ಅದರಲ್ಲಿ ಕೇಳುಗರಿಲ್ಲ. ಹಾಡುವವರು ಬಾಗಿಲು ಮುಚ್ಚಿದ ಕೋಣೆಯಲ್ಲಿ ನಿಂತು ಯಂತ್ರಕ್ಕೆ ಹಾಡಿದ್ದಾರೆ. ಕೊರಳು ಉಳಿದಿದೆ, ಸಭೆ ಉಳಿದಿಲ್ಲ.

ಕ್ಯಾಸೆಟ್ಟು ಬಂದ ಮೇಲೆ ಹಾಡು ಅಗ್ಗವಾಯಿತು, ಹಳ್ಳಿಗೂ ತಲುಪಿತು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಯೋಜನೆಯಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ ಕ್ಯಾಸೆಟ್ಟಾಗಿ ಬಂದದ್ದು ಆ ಕಾಲದ ಆರಂಭ. ಎನ್.ಆರ್. ಪುರದ ಪೇಟೆಯಲ್ಲಿ, ಕೇರಳದಿಂದ ಬಂದು ನೆಲೆಸಿದ ಕುಟುಂಬಗಳು ಬಹಳವಾದ್ದರಿಂದ, ಒಂದೇ ಅಂಗಡಿಯ ಗಾಜಿನ ಕಪಾಟಿನಲ್ಲಿ ರಾಜಕುಮಾರ್ ಪಕ್ಕ ಯೇಸುದಾಸರ ಮಲಯಾಳಂ ಹಾಡು, ಅದರ ಪಕ್ಕ ಯಕ್ಷಗಾನ ಇರುತ್ತಿತ್ತು. ಆದರೆ ಅಂಗಡಿಯ ಯಕ್ಷಗಾನವೂ ಸ್ಟುಡಿಯೋದ್ದು. ಇಡೀ ರಾತ್ರಿಯ ಪ್ರಸಂಗ ಅಲ್ಲಿ ಒಂದೂವರೆ ಗಂಟೆಗೆ ಇಳಿದಿರುತ್ತಿತ್ತು. ಮಾವ ಅದನ್ನು ಕೊಳ್ಳುತ್ತಿರಲಿಲ್ಲ. ‘ಅದ್ರಲ್ಲಿ ಬೆಳಗೇ ಆಗೋದಿಲ್ಲ ಮಾಣಿ’ ಎನ್ನುತ್ತಿದ್ದ. ಅವನು ಹೇಳಿದ್ದು ಸರಿ ಎಂದೇ ನನಗೆ ಈಗಲೂ ಅನ್ನಿಸುತ್ತದೆ.

ತಾವೇ ಟೇಪು ಮಾಡಿಕೊಳ್ಳುವ ಮಾವನಂಥವರು ದೂರದಲ್ಲೂ ಇದ್ದರು. ಅಮೆರಿಕದ ಗ್ರೇಟ್‌ಫುಲ್ ಡೆಡ್ ಎಂಬ ರಾಕ್ ತಂಡ ತನ್ನ ಅಭಿಮಾನಿಗಳಿಗೆ ಕಾರ್ಯಕ್ರಮಗಳನ್ನು ಟೇಪು ಮಾಡಿಕೊಳ್ಳಲು ಬಿಟ್ಟಿತ್ತು. 1984ರಲ್ಲಿ ಅವರಿಗೆಂದೇ ಸಭೆಯಲ್ಲಿ ಬೇರೆ ಜಾಗವನ್ನೂ ಗುರುತಿಸಿತು. ಆ ಟೇಪುಗಳನ್ನು ಜನ ಮಾರುತ್ತಿರಲಿಲ್ಲ, ಒಬ್ಬರಿಗೊಬ್ಬರು ಬದಲಿಸಿಕೊಳ್ಳುತ್ತಿದ್ದರು. ಇದನ್ನು ಓದಿದಾಗ ಮೈ ಜುಂ ಎಂದಿತು. ಅದೇ ವರ್ಷಗಳಲ್ಲಿ ಶೃಂಗೇರಿ, ಕೊಪ್ಪದ ಟೆಂಟುಗಳಲ್ಲಿ ಕಂಬದ ಬುಡ ಅಂಥದೇ ಜಾಗವಾಗಿತ್ತು. ಯಾರೂ ಗುರುತಿಸಿ ಕೊಟ್ಟದ್ದಲ್ಲ, ತಾನಾಗಿ ಆದದ್ದು. ಒಬ್ಬರ ಸೆಲ್ಲು ಮುಗಿದರೆ ಇನ್ನೊಬ್ಬರು ಕೊಡುವರು, ಒಬ್ಬರ ಟೇಪು ಕಚ್ಚಿಕೊಂಡರೆ ಮತ್ತೊಬ್ಬರದರಿಂದ ನಕಲು.

ಡಬ್ಬದ ಕ್ಯಾಸೆಟ್ಟುಗಳನ್ನು ಕೇಳಲು ನನಗೆ ಎರಡು ತಿಂಗಳು ಬೇಕಾಯಿತು. ಮೊದಲನೆಯದರಲ್ಲಿ ವೇಷ ಕಟ್ಟುವ ಚೌಕಿಯಿಂದ ಗಣಪತಿ ಪೂಜೆಯ ಗಂಟೆ ದೂರದಲ್ಲಿ ಕೇಳುತ್ತದೆ, ಹತ್ತಿರದಲ್ಲಿ ನೆಲಗಡಲೆ ಮಾರುವವನ ಕೂಗು. ಮೂರನೆಯದರಲ್ಲಿ ನಾವಡರು ರಂಗಕ್ಕೆ ಬಂದಾಗ ಏಳುವ ಸದ್ದು ಚಪ್ಪಾಳೆಯದಲ್ಲ. ಮಲಗಿದ್ದವರನ್ನು ಎಬ್ಬಿಸುವ, ಚಾದರ ಸರಿಸಿ ನೆಟ್ಟಗೆ ಕೂರುವ ಸಾವಿರ ಜನರ ಸರಬರ. ನಾಲ್ಕನೆಯದರಲ್ಲಿ ಪದ ಏರುತ್ತ ಏರುತ್ತ ತುದಿ ಮುಟ್ಟುವ ಹೊತ್ತಿಗೆ ಮಗ್ಗುಲು ಮುಗಿಯಲಿದೆ. ಮೈಕಿನ ತೀರಾ ಹತ್ತಿರ ಮಾವನ ಪಿಸುದನಿ: ‘ತಿರುಗ್ಸೋ ಮಾಣಿ, ತಿರುಗ್ಸು!’ ಬೇರೆ ಬೇರೆ ದೂರದಿಂದ ಮೂರು ಸಲ ಟಕ್ ಎಂಬ ಸದ್ದು. ಅದರ ಬೆನ್ನಿಗೇ ತೀರಾ ಹತ್ತಿರ ನಮ್ಮದರ ಟಕ್. ಅಂದರೆ ಅಂದು ಕಂಬದ ಬುಡದಲ್ಲಿ ನಾಲ್ಕು ಟೇಪ್ ರೆಕಾರ್ಡರುಗಳಿದ್ದವು. ಮತ್ತೆ ಹಾಡು ಕೇಳಿಸುವಷ್ಟರಲ್ಲಿ ಆ ತುದಿ ದಾಟಿಹೋಗಿದೆ. ಐದನೆಯದರಲ್ಲಿ ‘ಗದಾಯುದ್ಧ’. ಕೌರವ ಕೊಳದಿಂದ ಎದ್ದು ಬರುವ ಚೆಂಡೆಯ ಹಿಂದೆ ಎಲ್ಲೋ ಒಂದು ಕೋಳಿ ಕೂಗುತ್ತದೆ. ಮಾವ ಹೇಳುತ್ತಿದ್ದ ಬೆಳಗು ಆದದ್ದು ಅಲ್ಲಿ.

ಮಾವನ ದನಿ ನನ್ನ ಬಳಿ ಇರುವುದು ಅದೊಂದೇ, ಆ ಮೂರು ಪದಗಳು.

ಇಂಥ ಟೇಪುಗಳು ಕೊಪ್ಪ, ಶೃಂಗೇರಿ, ಎನ್.ಆರ್. ಪುರದ ಎಷ್ಟೋ ಮನೆಗಳ ಅಟ್ಟದಲ್ಲಿವೆ. ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಕು.ಶಿ. ಹರಿದಾಸ ಭಟ್ಟರು ಕಟ್ಟಿದ ಪ್ರಾದೇಶಿಕ ಜನಪದ ರಂಗಕಲೆಗಳ ಅಧ್ಯಯನ ಕೇಂದ್ರ ಎಷ್ಟೋ ಕಲೆಗಳ ಧ್ವನಿ, ಚಿತ್ರಗಳನ್ನು ಶ್ರದ್ಧೆಯಿಂದ ದಾಖಲಿಸಿತು. ಆದರೆ ಒಂದು ಕೇಂದ್ರ ಪ್ರತಿ ರಾತ್ರಿ ಪ್ರತಿ ಟೆಂಟಿನಲ್ಲಿ ಇರಲಾಗದು. ಅಭಿಮಾನಿಗಳು ಇದ್ದರು. ಅವರ ಮನೆಗಳ ಅಟ್ಟವೇ ಅವರ ಭಂಡಾರ. ಅದಕ್ಕೆ ಶತ್ರು ನಮ್ಮ ಮಳೆ. ಮಲೆನಾಡಿನ ತೇವಕ್ಕೆ ಟೇಪಿನ ಸುರುಳಿಯ ಅಂಚಿನಲ್ಲಿ ಬಿಳಿಯ ಬೂಷ್ಟು ಹಿಡಿಯುತ್ತದೆ. ಒಲೆಯ ಮೇಲಿನ ಹೊಗೆ ಅಟ್ಟದಲ್ಲಿ ಇಟ್ಟವು ಬದುಕಿವೆ, ಗೋಡೆಯ ಕಪಾಟಿನಲ್ಲಿ ಇಟ್ಟವು ಹೋಗಿವೆ. ಹೊಸ ಮನೆಗಳಲ್ಲಿ ಹೊಗೆ ಅಟ್ಟವೇ ಇಲ್ಲ.

ಇಂಥ ಟೇಪು ಸಿಕ್ಕರೆ ಆತುರದಲ್ಲಿ ಹಾಕಿ ಕೇಳಬೇಡಿ. ಕ್ಯಾಸೆಟ್ಟಿನ ಕಿಂಡಿಯಲ್ಲಿ ಬಿಳಿ ಪುಡಿ ಕಂಡರೆ ಮೊದಲು ಕೆಲವು ದಿನ ಒಣಗಿದ ಜಾಗದಲ್ಲಿ ಇಡಿ, ಬಿಸಿಲಿಗೆ ಮಾತ್ರ ಬೇಡ. ಆರು ಮೂಲೆಯ ಪೆನ್ಸಿಲ್ಲು ತೂರಿಸಿ ಕೈಯಿಂದ ನಿಧಾನ ಸುತ್ತಿ ಸುರುಳಿ ಸಡಿಲಿಸಿ. ಪ್ಲೇಯರಿನ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯಿಂದ ಪ್ರತಿ ಕ್ಯಾಸೆಟ್ಟಿಗೂ ಒರೆಸಿ, ಇಲ್ಲವಾದರೆ ಒಂದರ ಬೂಷ್ಟು ಇನ್ನೊಂದಕ್ಕೆ ಅಂಟುತ್ತದೆ. ಕೇಳುವ ಮೊದಲ ಸಲವೇ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ. ಎರಡನೆಯ ಸಲ ಅದು ಓಡದೆ ಇರಬಹುದು. ನಡುವೆ ಕೇಳುವ ಕೆಮ್ಮು, ಮಾತು, ಮಳೆ, ಕೋಳಿ ಯಾವುದನ್ನೂ ಕತ್ತರಿಸಿ ‘ಶುದ್ಧ’ ಮಾಡಬೇಡಿ.

ಮಾವನ ಆರರಲ್ಲಿ ನಾಲ್ಕು ಕ್ಯಾಸೆಟ್ಟು ಪೂರ್ತಿ ಉಳಿದಿವೆ. ಐದನೆಯದರಲ್ಲಿ ಒಂದು ಮಗ್ಗುಲು ಕೇಳುತ್ತದೆ. ಆರನೆಯದನ್ನು, ದುರ್ಯೋಧನನ ತೊಡೆ ಮುರಿದು ಬೆಳಕು ಹರಿದ ಮೇಲಿನ ಮಂಗಳ ಇದ್ದದ್ದನ್ನು, ಬೂಷ್ಟು ತಿಂದಿದೆ. ಅಂದು ಆ ಕಂಬದ ಬುಡದಲ್ಲಿ ಇನ್ನೂ ಮೂವರು ಕೂತಿದ್ದರು. ಅವರಲ್ಲಿ ಯಾರದಾದರೂ ಮನೆಯಲ್ಲಿ ಆ ಬೆಳಗಿನ ಟೇಪು ಇದ್ದರೆ, ದಯವಿಟ್ಟು ಈ ಮಳೆಗಾಲಕ್ಕೆ ಮುಂಚೆ ಅಟ್ಟದಿಂದ ಇಳಿಸಿ ನೋಡಿ.